ಮರುವಾಯಿ ಸುಕ್ಕಕ್ಕೆ ಕೂರುವ ಮೊದಲು

2020ರ ನವೆಂಬರ್‌ನಲ್ಲಿ ನಮ್ಮ ಫ್ಯಾಮಿಲಿ ಗ್ರೂಪ್‌ಗೆ ಒಂದೇ ವಿಡಿಯೊ ಹತ್ತು ಸಲ ಬಂತು. ಉಡುಪಿ ಕಡೆಯ ಬೀಚ್‌ನಲ್ಲಿ ರಾತ್ರಿ ಅಲೆ ಒಡೆದಾಗೆಲ್ಲ ನೀಲಿ ಬೆಳಕು! ಚಿಕ್ಕಪ್ಪನ ಮಗ ಬೈಕ್ ಹತ್ತಿ ನೋಡಿಕೊಂಡೇ ಬಂದ. ಬೆಂಗಳೂರಲ್ಲಿ ಕೂತಿದ್ದ ನನಗೆ ಹೊಟ್ಟೆಕಿಚ್ಚು.

ಆ ಬೆಳಕು ನಾಕ್ಟಿಲೂಕಾ ಎಂಬ ಏಕಕೋಶ ಜೀವಿಯದ್ದು. ನೀರು ಅಲುಗಿದರೆ ಮಿನುಗುತ್ತದೆ. ಅದು ಮಿತಿಮೀರಿ ಬೆಳೆದು ಸತ್ತು ಕೊಳೆತರೆ ನೀರಿನಲ್ಲಿ ಆಮ್ಲಜನಕ ಇಳಿದು ಮೀನುಗಳಿಗೆ ಕಷ್ಟ. ಆದರೆ ನಾವು ಹೆಚ್ಚು ಹೆದರಬೇಕಾದದ್ದು ಯಾರೂ ವಿಡಿಯೊ ಮಾಡದ ಪಾಚಿಗೆ.

1983ರಲ್ಲಿ ಮಂಗಳೂರಿನ ದಕ್ಷಿಣಕ್ಕಿರುವ ಕುಂಬಳೆಯಲ್ಲಿ ಮರುವಾಯಿ (ಅದೇ, ಕಪ್ಪೆಚಿಪ್ಪು) ತಿಂದವರು ಆಸ್ಪತ್ರೆ ಸೇರಿದರು. ಒಬ್ಬ ಹುಡುಗ ತೀರಿಕೊಂಡ. ಮರುವಾಯಿ ನೀರನ್ನು ಸೋಸಿ ಅದರಲ್ಲಿನ ಸೂಕ್ಷ್ಮ ಪಾಚಿ ತಿಂದು ಬದುಕುತ್ತದೆ. ಕೆಲವು ಪಾಚಿಗಳಲ್ಲಿ ಸ್ಯಾಕ್ಸಿಟಾಕ್ಸಿನ್ ಎಂಬ ನರಗಳನ್ನು ಹಿಡಿಯುವ ವಿಷವಿರುತ್ತದೆ. ಅದು ಮರುವಾಯಿಯ ಮಾಂಸದಲ್ಲಿ ಸೇರಿಕೊಳ್ಳುತ್ತದೆ.

ಇದನ್ನು ಫೋನಲ್ಲಿ ಹೇಳಿದಾಗ ಅಮ್ಮ, “ಚೆನ್ನಾಗಿ ಬೇಯಿಸಿದರೆ ಎಂತ ಆಗ್ತದೆ ಮಗಾ?” ಅಂದರು.

ಸಮಸ್ಯೆ ಇರೋದೇ ಅಲ್ಲಿ. ಎಷ್ಟು ಬೇಯಿಸಿದರೂ ಈ ವಿಷ ಹೋಗುವುದಿಲ್ಲ. ರುಚಿ, ವಾಸನೆಯಲ್ಲೂ ಗೊತ್ತಾಗಲ್ಲ.

ಹಾಗಾದರೆ ಗೊತ್ತಾಗೋದು ಹೇಗೆ? ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಪಗ್ರಹದಿಂದ ಸಮುದ್ರದ ಬಣ್ಣ ಮತ್ತು ಉಷ್ಣಾಂಶ ನೋಡಿ, ಪಾಚಿ ಎಲ್ಲಿ ಹೆಚ್ಚಾಗಿದೆ ಅಂತ ಮಾಹಿತಿ ಕೊಡುತ್ತದೆ. ದೊಡ್ಡ ಕೆಲಸವೇ. ಆದರೆ ಮೋಡ ಮುಚ್ಚಿದರೆ ಆ ಕಣ್ಣಿಗೆ ಬಣ್ಣ ಕಾಣದು. ಮೇಲಾಗಿ ಬಣ್ಣ ಕಂಡರೂ ವಿಷ ಕಾಣದು. ನೀರಿನ ಬಣ್ಣ ಬದಲಾಗದೆಯೂ ಚಿಪ್ಪಿನಲ್ಲಿ ವಿಷ ಸೇರಿರಬಹುದು. ಅದಕ್ಕೆ ಯಾರಾದರೂ ದೋಣಿಯಲ್ಲಿ ಹೋಗಿ ಬಾಟಲಿಗೆ ನೀರು ತುಂಬಿ, ಸೂಕ್ಷ್ಮದರ್ಶಕದ ಕೆಳಗೆ ಯಾವ ಪಾಚಿ ಎಷ್ಟಿದೆ ಅಂತ ಎಣಿಸಲೇಬೇಕು. ಚಿಪ್ಪಿನ ಮಾಂಸವನ್ನೂ ಪರೀಕ್ಷಿಸಬೇಕು. ಅದೂ ಒಂದು ದಿನವಲ್ಲ, ಮತ್ತೆ ಮತ್ತೆ.

ಇಷ್ಟೆಲ್ಲ ಆಗಿ ಬಂದ ಫಲಿತಾಂಶ ಯಾರಿಗೆ ತಲುಪಬೇಕು? ಅಳಿವೆಯಲ್ಲಿ ಸೊಂಟದವರೆಗೆ ನೀರಲ್ಲಿ ನಿಂತು ಮರುವಾಯಿ ಹೆಕ್ಕುವ ಅಕ್ಕನಿಗೆ. ಅವರ ಭಾಷೆಯಲ್ಲಿ, ಅವರ ಫೋನಿಗೆ, ಅವತ್ತೇ. ಸುಮ್ಮನೆ “ಹೆಕ್ಕಬೇಡಿ” ಅಂದರೆ ಸಾಲದು, ಆ ದಿನದ ಕೂಲಿಯ ಮಾತೂ ಬರಬೇಕು. ಇಲ್ಲದಿದ್ದರೆ ಅವರು ನೀರಿಗಿಳಿಯದೆ ಏನು ಮಾಡಿಯಾರು?

ನಾವು ಮಾಡಬಹುದಾದದ್ದು ಇಷ್ಟು. ನೀರಿನ ಬಣ್ಣ ಕೆಟ್ಟಿದ್ದರೆ, ಮೀನು ಸತ್ತು ತೇಲುತ್ತಿದ್ದರೆ ಅಲ್ಲಿಯ ಚಿಪ್ಪು ಬೇಡ. ತಿಂದ ಸ್ವಲ್ಪ ಹೊತ್ತಿಗೆ ತುಟಿ, ನಾಲಗೆ ಜುಮ್ಮೆಂದರೆ ಕಷಾಯ ಕುದಿಸುತ್ತ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ. ಇದಕ್ಕೆ ಪ್ರತಿವಿಷ ಇಲ್ಲ, ಆದರೆ ಸಮಯಕ್ಕೆ ಉಸಿರಾಟಕ್ಕೆ ನೆರವು ಸಿಕ್ಕರೆ ಜೀವ ಉಳಿಯುತ್ತದೆ.

ಅಮ್ಮ ಮರುವಾಯಿ ಬಿಟ್ಟಿಲ್ಲ, ನಾನೂ ಬಿಡುವವನಲ್ಲ. ಆದರೆ ಈಗ ಕೊಳ್ಳುವಾಗ ರೇಟಿಗಿಂತ ಮೊದಲು, “ಯಾವ ಹೊಳೆದು? ನೀರು ಹೇಗುಂಟು?” ಅಂತ ಕೇಳುತ್ತಾರಂತೆ.