ಯಂತ್ರದ ತಪ್ಪಿಗೆ ಪ್ರಜೆಗೇಕೆ ದಂಡ?

ಆಡಳಿತವು ಆಧುನಿಕವಾಗಬೇಕೆಂಬ ಮಾತಿಗೆ ಯಾರ ವಿರೋಧವೂ ಇರಲಾರದು. ಕಡತದ ಧೂಳು, ಗುಮಾಸ್ತನ ಕೃಪೆ, ದಲ್ಲಾಳಿಯ ಕೈಚಳಕ - ಇವುಗಳಿಂದ ಅತಿ ಹೆಚ್ಚು ನೊಂದವರು ಬಡವರೇ. ಆದ್ದರಿಂದ ಕಂಪ್ಯೂಟರನ್ನು ಮೊದಲು ಸ್ವಾಗತಿಸಿದವರೂ ಅವರೇ. ಆದರೆ ಕಳೆದ ಎರಡು ದಶಕಗಳಲ್ಲಿ ಕೇಂದ್ರ ಸರಕಾರವು ಒಂದರ ಬೆನ್ನಿಗೊಂದರಂತೆ ತಂದ ಕಾರ್ಡು, ಪೋರ್ಟಲ್, ಆ್ಯಪ್‌ಗಳ ಸಡಗರದಲ್ಲಿ ಒಂದು ಸರಳ ಪ್ರಶ್ನೆ ಉತ್ತರವಿಲ್ಲದೆ ಉಳಿದುಬಿಟ್ಟಿದೆ. ಯಂತ್ರ ತಪ್ಪಿದರೆ ಹೊಣೆ ಯಾರದು?

ತುಮಕೂರು ತಾಲೂಕಿನ ಬೆಳ್ಳಾವಿ ಹೋಬಳಿಯ ರೈತನಿಗೆ ಗಣಕೀಕರಣದ ಪ್ರಯೋಜನವನ್ನು ಯಾರೂ ಉಪದೇಶಿಸಬೇಕಾಗಿಲ್ಲ. ಒಂದು ಕಾಲದಲ್ಲಿ ಪಹಣಿ ಬೇಕಾದರೆ ಗ್ರಾಮ ಲೆಕ್ಕಿಗರ ಮನೆ ಬಾಗಿಲು ಕಾಯಬೇಕಿತ್ತು. 2001ರ ಸುಮಾರಿಗೆ ‘ಭೂಮಿ’ ಯೋಜನೆಯ ಮೂಲಕ ರಾಜ್ಯದ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿ ಪಹಣಿಗಳು ಕಂಪ್ಯೂಟರಿಗೇರಿದವು. ಹದಿನೈದು ರೂಪಾಯಿ ಕೊಟ್ಟರೆ ತಾಲೂಕು ಕಚೇರಿಯಲ್ಲಿ ಮುದ್ರಿತ ಪಹಣಿ ಕೈಗೆ ಬರುವಂತಾಯಿತು. ಇದರ ಹಿಂದೆ ಕೇಂದ್ರದ ಹಣವಿತ್ತು, ಕೇಂದ್ರದ್ದೇ ಆದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ತಂತ್ರಾಂಶವಿತ್ತು. ಒಳ್ಳೆಯದನ್ನು ಒಳ್ಳೆಯದೆಂದು ಒಪ್ಪಿಕೊಳ್ಳದ ಟೀಕೆಗೆ ಬೆಲೆಯಿಲ್ಲ. ಭೂಮಿ ಯೋಜನೆಯು ಜನರಿಗೆ ಹತ್ತಿರವಾದದ್ದು ಅದು ಪ್ರಜೆಯ ಕೆಲಸವನ್ನು ಹಗುರಗೊಳಿಸಿದ್ದರಿಂದ.

ಅದರ ನಂತರ ಬಂದದ್ದು ಆಧಾರ್. 2009ರಲ್ಲಿ ಪ್ರಾಧಿಕಾರ ರಚನೆಯಾಯಿತು. 2010ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರದ ಟೆಂಭ್ಲಿ ಗ್ರಾಮದಲ್ಲಿ ಮೊದಲ ಸಂಖ್ಯೆ ವಿತರಣೆಯಾಯಿತು. ಸೋರಿಕೆ ತಡೆಯುವುದು ಇದರ ಘೋಷಿತ ಗುರಿಯಾಗಿತ್ತು. ಆದರೆ ಕೇಂದ್ರ ಸರಕಾರದ್ದೇ 2016-17ರ ಆರ್ಥಿಕ ಸಮೀಕ್ಷೆಯು ಬೆರಳಚ್ಚು ದೃಢೀಕರಣದ ವೈಫಲ್ಯವು ಜಾರ್ಖಂಡಿನಲ್ಲಿ ಶೇ. 49, ರಾಜಸ್ಥಾನದಲ್ಲಿ ಶೇ. 37ರಷ್ಟಿದೆ ಎಂಬ ಅಂದಾಜುಗಳನ್ನು ಉಲ್ಲೇಖಿಸಿತು. ಕಲ್ಲು ಒಡೆದು, ಬೀಡಿ ಕಟ್ಟಿ, ಬಟ್ಟೆ ಒಗೆದು ಬೆರಳಿನ ಗೆರೆ ಸವೆದವರು ಯಂತ್ರದ ಮುಂದೆ ಅಪರಿಚಿತರಾದರು. ತನ್ನ ಗೆರೆ ಸವೆದದ್ದು ದುಡಿಮೆಯಿಂದ ಎಂದು ಆ ಯಂತ್ರಕ್ಕೆ ತಿಳಿಹೇಳುವವರು ಯಾರು? ಈ ಯೋಜನೆಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರಲ್ಲಿ ಮೊದಲಿಗರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ಕನ್ನಡಿಗರು ನೆನಪಿಡಬೇಕಾದ ಸಂಗತಿ. 2018ರ ತೀರ್ಪು ಯೋಜನೆಯನ್ನು ಬಹುಮತದಿಂದ ಎತ್ತಿಹಿಡಿಯಿತಾದರೂ, ದೃಢೀಕರಣ ವಿಫಲವಾಯಿತೆಂಬ ಕಾರಣಕ್ಕೆ ಅರ್ಹರನ್ನು ಸೌಲಭ್ಯದಿಂದ ಹೊರಗಿಡಬಾರದೆಂದು ಎಚ್ಚರಿಸಿತು.

ನಮ್ಮ ಮನೆಗಳಲ್ಲಿ ಬೆರಳಿಗಿಂತಲೂ ಹೆಚ್ಚಾಗಿ ಕಾಡುವುದು ಹೆಸರು. ಒಬ್ಬನೇ ವ್ಯಕ್ತಿ ಶಾಲಾ ದಾಖಲೆಯಲ್ಲಿ ‘ಮಹಮದ್’, ರೇಷನ್ ಕಾರ್ಡಿನಲ್ಲಿ ‘ಮೊಹಮ್ಮದ್’, ಮತದಾರರ ಪಟ್ಟಿಯಲ್ಲಿ ‘ಎಂ.ಡಿ.’ ಆಗಿರುತ್ತಾನೆ. ತಾಯಿ ಒಂದೆಡೆ ‘ಬೀ’, ಇನ್ನೊಂದೆಡೆ ‘ಬೀಬಿ’, ಮತ್ತೊಂದೆಡೆ ‘ಬೇಗಂ’. ಉರ್ದುವಿನ ಹೆಸರು ಕನ್ನಡದ ಕಿವಿಯ ಮೂಲಕ ಇಂಗ್ಲಿಷಿನ ಅಕ್ಷರಕ್ಕೆ ಇಳಿಯುವಾಗ ಹೀಗಾಗುವುದು ಸಹಜ. ಬರೆದುಕೊಂಡವನು ಸರಕಾರದ ಸಿಬ್ಬಂದಿ ಅಥವಾ ಸರಕಾರವೇ ನೇಮಿಸಿದ ಗುತ್ತಿಗೆಯವನು. ಆದರೆ ತಿದ್ದುಪಡಿಗೆ ಅಲೆಯಬೇಕಾದವನು ಪ್ರಜೆ! ಅದೂ ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ, ಜನ್ಮದಿನಾಂಕಕ್ಕೆ ಒಂದೇ. ಮಿತಿ ಮೀರಿದರೆ ಬೆಂಗಳೂರಿನ ಪ್ರಾದೇಶಿಕ ಕಚೇರಿಯ ಒಪ್ಪಿಗೆ ಬೇಕು. ಬೆಳ್ಳಾವಿಯ ಕೂಲಿಕಾರನೊಬ್ಬ ಇದಕ್ಕಾಗಿ ಕಳೆದುಕೊಳ್ಳುವ ದಿನಗೂಲಿ ಮತ್ತು ಬಸ್ಸಿನ ಖರ್ಚು ‘ಸೋರಿಕೆ ತಡೆದು ಉಳಿಸಿದ ಹಣ’ದ ಯಾವ ಲೆಕ್ಕದಲ್ಲೂ ಕಾಣಿಸುವುದಿಲ್ಲ.

ಇಷ್ಟು ಕಟ್ಟುನಿಟ್ಟಾದ ಯಂತ್ರವು ಕಳ್ಳರನ್ನಾದರೂ ಹಿಡಿಯಿತೇ? ಅಲ್ಪಸಂಖ್ಯಾತ ವಿದ್ಯಾರ್ಥಿವೇತನದ ಪ್ರಕರಣವನ್ನೇ ನೋಡಿ. ಅರ್ಜಿಗಳೆಲ್ಲ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನ ಮೂಲಕವೇ ಬರುತ್ತಿದ್ದವು. ಆದರೂ ಕೇಂದ್ರ ಸಚಿವಾಲಯವು 1,572 ಸಂಸ್ಥೆಗಳನ್ನು ಪರಿಶೀಲಿಸಿದಾಗ 830 ಸಂಸ್ಥೆಗಳಲ್ಲಿ ವಂಚನೆ ಕಂಡುಬಂತು. ನಷ್ಟ 144.83 ಕೋಟಿ ರೂಪಾಯಿ. 2023ರಲ್ಲಿ ಅದು ಸಿಬಿಐ ತನಿಖೆಗೆ ಹೋಯಿತು. ನಿಜವಾದ ವಿದ್ಯಾರ್ಥಿನಿಯ ಹೆಸರಿನಲ್ಲಿ ಒಂದಕ್ಷರ ಹೆಚ್ಚಾದರೆ ತಡೆಯುವ ವ್ಯವಸ್ಥೆಗೆ ಇಡೀ ನಕಲಿ ಶಾಲೆಯೇ ಕಣ್ಣಿಗೆ ಬೀಳಲಿಲ್ಲ! ಬಲೆಯಲ್ಲಿ ಸಿಕ್ಕಿದ್ದು ಸಣ್ಣ ಮೀನು, ಹರಿದುಕೊಂಡು ಹೋದದ್ದು ತಿಮಿಂಗಿಲ.

ಈ ಮನೋಭಾವವು ಅತ್ಯಂತ ಸ್ಪಷ್ಟವಾಗಿ ಗೋಚರಿಸಿದ್ದು ‘ಉಮೀದ್’ ಪೋರ್ಟಲ್‌ನಲ್ಲಿ. ಕೇಂದ್ರ ಸರಕಾರದ ಬಳಿ ವಕ್ಫ್ ಆಸ್ತಿಗಳ ಹಳೆಯ ಗಣಕೀಕೃತ ದಾಖಲೆ ಆಗಲೇ ಇತ್ತು. ಅದರಲ್ಲಿ ಸುಮಾರು 8.72 ಲಕ್ಷ ಸ್ಥಿರಾಸ್ತಿಗಳ ವಿವರವಿತ್ತು. ಹೊಸ ತಂತ್ರಜ್ಞಾನವೆಂದರೆ ಇದ್ದುದನ್ನು ಪರಿಶೀಲಿಸಿ ಹೊಸ ಕಣಜಕ್ಕೆ ಸಾಗಿಸುವುದಾಗಬೇಕಿತ್ತು. ಆದರೆ 2025ರ ಜೂನ್ 6ರಂದು ಪೋರ್ಟಲ್ ತೆರೆದು, ಎಲ್ಲವನ್ನೂ ಮೊದಲಿನಿಂದ ತುಂಬಿರೆಂದು ಮುತವಲ್ಲಿಗಳಿಗೆ ಆರು ತಿಂಗಳ ಗಡುವು ವಿಧಿಸಲಾಯಿತು. ಸಣ್ಣ ಊರಿನ ಮಸೀದಿಯ, ಖಬರಸ್ತಾನದ ವೃದ್ಧ ಮುತವಲ್ಲಿಯು ಹಳೆಯ ಗೆಜೆಟ್ಟು, ಸರ್ವೆ ನಂಬರು, ಚಕ್ಕುಬಂದಿಗಳನ್ನು ಹಿಡಿದು ಕಂಪ್ಯೂಟರ್ ಅಂಗಡಿಯೆದುರು ನಿಲ್ಲಬೇಕಾಯಿತು. ಪೋರ್ಟಲ್ ಕೈಕೊಡುತ್ತಿದೆಯೆಂಬ ದೂರು ಹಲವು ರಾಜ್ಯಗಳಿಂದ ಬಂತು. ಡಿಸೆಂಬರ್ 6ರಂದು ಗಡುವು ಮುಗಿದಾಗ ನೋಂದಣಿ ಆರಂಭವಾಗಿದ್ದುದು 5,17,040 ಆಸ್ತಿಗಳದ್ದು, ಅನುಮೋದನೆ ಪಡೆದದ್ದು 2,16,905 ಮಾತ್ರ.

ಕಾನೂನು ಹೇಳುವುದನ್ನು ಗಮನಿಸಿ. ವಿವರವನ್ನು ಪೋರ್ಟಲ್‌ಗೆ ಏರಿಸದ ಮುತವಲ್ಲಿಗೆ ಆರು ತಿಂಗಳವರೆಗೆ ಸೆರೆವಾಸ, ಇಪ್ಪತ್ತು ಸಾವಿರದಿಂದ ಒಂದು ಲಕ್ಷ ರೂಪಾಯಿವರೆಗೆ ದಂಡ. ಪೋರ್ಟಲ್ ತೆರೆಯದಿದ್ದರೆ ಅದನ್ನು ನಡೆಸುವವರಿಗೆ? ಏನೂ ಇಲ್ಲ. ಕೊನೆಯಲ್ಲಿ ಸಚಿವರು ಮೂರು ತಿಂಗಳು ದಂಡ ವಿಧಿಸುವುದಿಲ್ಲವೆಂದು ಪ್ರಕಟಿಸಿ, ಉಳಿದವರಿಗೆ ನ್ಯಾಯಮಂಡಳಿಯ ದಾರಿ ತೋರಿಸಿದರು. ಹಕ್ಕಾಗಬೇಕಿದ್ದುದು ಹೀಗೆ ಕೃಪೆಯಾಯಿತು. ಗುಮಾಸ್ತನ ಕೃಪೆ ಹೋಗಿ ಸಚಿವರ ಕೃಪೆ ಬಂದರೆ ಅದನ್ನು ಆಧುನಿಕತೆ ಎನ್ನಲಾದೀತೇ?

ಇದು ಮುಸ್ಲಿಮರ ಅಳಲು ಮಾತ್ರವೆಂದು ಯಾರೂ ಭಾವಿಸಬೇಕಾಗಿಲ್ಲ. 2024ರಲ್ಲಿ ವಿಜಯಪುರ ಜಿಲ್ಲೆಯ ರೈತರು ತಮ್ಮ ಪಹಣಿಗಳಲ್ಲಿ ವಕ್ಫ್ ಎಂಬ ನಮೂದು ಕಂಡು ಕಂಗಾಲಾದರು. ಹೊನವಾಡದ ವಿಷಯದಲ್ಲಿ ಹಳೆಯ ಗೆಜೆಟ್ಟಿನ ತಪ್ಪೇ ಗೊಂದಲಕ್ಕೆ ಕಾರಣವೆಂದು ಸರಕಾರವು ವಿವರಿಸಿ, ನೋಟಿಸುಗಳನ್ನು ಹಿಂತೆಗೆದುಕೊಂಡಿತು. ರೈತನ ಭಯವೂ ನಿಜವಾದದ್ದು, ಮುತವಲ್ಲಿಯ ಸಂಕಟವೂ ನಿಜವಾದದ್ದು. ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಮತ ಎಣಿಸಿದವರು, ಇಬ್ಬರಿಗೂ ಬೇಕಾಗಿದ್ದ ಒಂದೇ ಔಷಧವನ್ನು ಮಾತ್ರ ಹೇಳಲಿಲ್ಲ. ದಾಖಲೆ ಬದಲಿಸುವ ಮೊದಲು ತಿಳಿಸಬೇಕು, ತಪ್ಪಾದರೆ ಕಚೇರಿಯೇ ನಿಗದಿತ ದಿನದೊಳಗೆ ತಿದ್ದಬೇಕು.

ಆ ಔಷಧಕ್ಕೆ ಮಾದರಿಯನ್ನು ಹುಡುಕಿಕೊಂಡು ಬಹುದೂರ ಹೋಗಬೇಕಾಗಿಲ್ಲ. 2011ರಲ್ಲಿ ಕರ್ನಾಟಕವು ನಾಗರಿಕರಿಗೆ ಸೇವೆಗಳ ಖಾತರಿ ಕಾಯ್ದೆಯನ್ನು ರೂಪಿಸಿತು. 2012ರ ಏಪ್ರಿಲ್‌ನಲ್ಲಿ ‘ಸಕಾಲ’ವಾಗಿ ಅದು ಜಾರಿಗೆ ಬಂತು. ಪ್ರತಿಯೊಂದು ಅರ್ಜಿಗೂ ಒಂದು ಸಂಖ್ಯೆ, ಒಂದು ಗಡುವು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. ಮೊತ್ತ ಸಣ್ಣದು, ಆಚರಣೆಯಲ್ಲಿ ಲೋಪಗಳೂ ಇವೆ. ಆದರೆ ಅದರ ತತ್ವ ದೊಡ್ಡದು. ಕಚೇರಿಯ ವಿಳಂಬಕ್ಕೆ ಕಚೇರಿಯೇ ದಂಡ ತೆರಬೇಕು! ಅದೇ 2011ರ ಡಿಸೆಂಬರ್‌ನಲ್ಲಿ ಕೇಂದ್ರ ಸರಕಾರವೂ ಇಂಥದೇ ಮಸೂದೆಯನ್ನು ಲೋಕಸಭೆಯಲ್ಲಿ ಮಂಡಿಸಿತ್ತು. 2014ರಲ್ಲಿ ಲೋಕಸಭೆಯ ವಿಸರ್ಜನೆಯೊಂದಿಗೆ ಅದು ಬಿದ್ದುಹೋಯಿತು. ಮಸೂದೆ ತಂದವರು ಅದನ್ನು ಕಾನೂನಾಗಿಸಲಿಲ್ಲ, ಅನಂತರ ಬಂದವರು ಅದನ್ನು ಎತ್ತಿಕೊಳ್ಳಲಿಲ್ಲ. ಡಿಜಿಟಲ್ ಇಂಡಿಯಾದ ಹೆಸರಿನಲ್ಲಿ ಎಷ್ಟೋ ಪೋರ್ಟಲ್‌ಗಳು ಬಂದವು, ಅವುಗಳಿಗೆ ಹೊಣೆ ಹೊರಿಸುವ ಈ ಒಂದು ಕಾನೂನು ಬರಲಿಲ್ಲ.

ದೂರು ನೀಡಲು ಕೇಂದ್ರದ ಪೋರ್ಟಲ್ ಇದೆಯಲ್ಲ, 2024ರಲ್ಲಿ ಅದರ ಗಡುವನ್ನು 30 ದಿನದಿಂದ 21 ದಿನಕ್ಕೆ ಇಳಿಸಲಾಗಿದೆಯಲ್ಲ ಎಂದು ಸಮರ್ಥಕರು ಹೇಳಬಹುದು. ಒಳ್ಳೆಯದೇ. ಆದರೆ ಅದು ಆಡಳಿತಾತ್ಮಕ ಸೂಚನೆಯೇ ಹೊರತು ಪ್ರಜೆಯ ಹಕ್ಕಲ್ಲ. ಗಡುವು ಮೀರಿದರೆ ಪರಿಹಾರವಿಲ್ಲ. ಯಂತ್ರದ ಮೇಲಿನ ದೂರನ್ನು ಇನ್ನೊಂದು ಯಂತ್ರಕ್ಕೇ ಸಲ್ಲಿಸುವುದು ನ್ಯಾಯದ ಪೂರ್ಣ ರೂಪವಾಗಲಾರದು.

ಹಾಗೆಂದು ಸಮುದಾಯವು ಕೈಕಟ್ಟಿ ಕುಳಿತು ಸರಕಾರವನ್ನು ದೂರುತ್ತಿದ್ದರೆ ಸಾಲದು. ಸಾಲದ ವ್ಯವಹಾರವನ್ನೂ ಬರೆದಿಡಬೇಕೆಂದು ಕಲಿಸಿದ ಧರ್ಮದ ಅನುಯಾಯಿಗಳ ಎಷ್ಟು ಜಮಾಅತ್‌ಗಳಲ್ಲಿ ಆಸ್ತಿಯ ಕಾಗದಪತ್ರ ಕ್ರಮವಾಗಿದೆ? ದಾಖಲೆಯನ್ನು ಮನೆಯ ಟ್ರಂಕಿನಲ್ಲಿಟ್ಟು ಯಾರಿಗೂ ತೋರಿಸದ ಮುತವಲ್ಲಿಯನ್ನು ಯಾವ ಪೋರ್ಟಲ್ ತಾನೇ ಕಾಪಾಡೀತು? ಪ್ರತಿ ಮನೆಯಲ್ಲೂ ಎಲ್ಲರ ದಾಖಲೆಗಳನ್ನು ಒಟ್ಟಿಗೆ ಹರಡಿ ಹೆಸರುಗಳನ್ನು ತಾಳೆ ನೋಡಬೇಕು. ಪ್ರತಿ ಮಸೀದಿಯಲ್ಲಿ ಕಂಪ್ಯೂಟರ್ ಬಲ್ಲ ಇಬ್ಬರು ಯುವಕ-ಯುವತಿಯರಾದರೂ ನೆರೆಹೊರೆಯ ಎಲ್ಲ ಜಾತಿ-ಧರ್ಮಗಳವರಿಗೆ ಈ ಕೆಲಸದಲ್ಲಿ ನೆರವಾಗಬೇಕು. ಅದರೊಂದಿಗೆ, ಬಾಗಿಲಿಗೆ ಮತ ಕೇಳಲು ಬರುವ ಲೋಕಸಭಾ ಅಭ್ಯರ್ಥಿಯ ಮುಂದೆ, ಅವನು ಯಾವ ಪಕ್ಷದವನೇ ಆಗಿರಲಿ, ಕೇಂದ್ರಕ್ಕೊಂದು ಸಕಾಲ ಕಾನೂನು ತರುವಿರಾ ಎಂಬ ಒಂದೇ ಪ್ರಶ್ನೆಯನ್ನಿಡಬೇಕು.

ಮುಂದಿನ ಪೋರ್ಟಲ್ ಇನ್ನಷ್ಟು ವೇಗವಾಗಿರಬಹುದು, ಇನ್ನಷ್ಟು ಬುದ್ಧಿವಂತವೂ ಆಗಿರಬಹುದು. ಆದರೆ ತಪ್ಪಿಗೆ ಉತ್ತರ ಕೊಡಬೇಕಾಗಿಲ್ಲದ ಬುದ್ಧಿವಂತನು ಪ್ರಜೆಗೆ ಅಪಾಯಕಾರಿಯೇ, ಅವನು ಮನುಷ್ಯನಾಗಿರಲಿ, ಯಂತ್ರವಾಗಿರಲಿ.