ಪಟ್ಟಿ ತೆರೆಯದಿದ್ದಾಗ

ಸಂಘದ ಕುಟುಂಬಗಳ ವಿಳಾಸ, ಫೋನು, ರಕ್ತದ ಗುಂಪು ಎಲ್ಲವನ್ನೂ ಅಹಮದಾಬಾದಿನ ಒಂದು ಕಂಪ್ಯೂಟರಿನಲ್ಲಿ ಇಟ್ಟಿದ್ದೇವೆ ಎನ್ನೋಣ. ಸೂರತ್ತಿನಲ್ಲಿ ರಕ್ತ ಬೇಕಾದ ರಾತ್ರಿ ಆ ಪಟ್ಟಿ ಅಲ್ಲಿಂದ ತೆರೆಯದಿದ್ದರೆ ಅದು ಇದ್ದೂ ಇಲ್ಲದಂತೆ. ಆದುದರಿಂದ, ದೂರದ ಡೇಟಾಬೇಸ್ ಸರ್ವರಿಗೆ ಸಂಪರ್ಕ ಸಿಗದಿದ್ದಾಗ ಮಾಡಬೇಕಾದುದನ್ನು ಈ ಸಲ ವಿಚಾರಿಸೋಣ.

ಅಹಮದಾಬಾದಿನ ಹಳೆಯ ಪೋಳ್‌ಗಳನ್ನು ನಮ್ಮ ವಾಚಕರು ಬಲ್ಲರು. ಅಲ್ಲಿ ಒಂದು ಮನೆಗೆ ಹೋಗಲು ಮೊದಲು ಓಣಿ ಸಿಕ್ಕಬೇಕು, ಹೆಬ್ಬಾಗಿಲು ತೆರೆದಿರಬೇಕು, ಮನೆಯಲ್ಲಿ ಓಗೊಡುವವರಿರಬೇಕು, ಕೊನೆಗೆ ಅವರು ನಮ್ಮ ಗುರುತು ಹಿಡಿಯಬೇಕು. ಸರ್ವರಿನ ಸಂಗತಿಯೂ ಇಷ್ಟೇ. ಪರೀಕ್ಷೆಯೂ ಇದೇ ಕ್ರಮದಲ್ಲಿ ನಡೆಯಬೇಕು. ಒಮ್ಮೆಗೇ ನಾಲ್ಕು ಕಡೆ ಕೈಹಾಕಿದರೆ ದೋಷವೆಲ್ಲಿತ್ತೆಂಬುದು ತಿಳಿಯುವುದೇ ಇಲ್ಲ.

ಯಂತ್ರ ಕೊಡುವ ಉತ್ತರವನ್ನು ಗಮನವಿಟ್ಟು ಓದಿರಿ. ಬಹಳ ಹೊತ್ತು ಕಾಯಿಸಿ ‘ಟೈಮ್ಡ್ ಔಟ್’ ಎಂದರೆ, ನಮ್ಮ ಕರೆ ಅಲ್ಲಿಗೆ ಮುಟ್ಟಿಲ್ಲ, ಇಲ್ಲವೆ ಹೆಬ್ಬಾಗಿಲ ಕಾವಲಿನ ಫೈರ್‌ವಾಲ್ ಅದನ್ನು ಸದ್ದಿಲ್ಲದೆ ತಡೆದಿದೆ. ವಿಳಾಸವನ್ನೂ ಫೈರ್‌ವಾಲನ್ನೂ ನೋಡಬೇಕು.

ಕೂಡಲೇ ‘ಕನೆಕ್ಷನ್ ರೆಫ್ಯೂಸ್ಡ್’ ಎಂದರೆ, ಸಾಮಾನ್ಯವಾಗಿ ಯಂತ್ರ ಸಿಕ್ಕಿದೆ, ಆದರೆ ಆ ಪೋರ್ಟಿನಲ್ಲಿ ಓಗೊಡುವವರಿಲ್ಲ. ಮೈಎಸ್‌ಕ್ಯೂಎಲ್‌ಗೆ ರೂಢಿಯ ಪೋರ್ಟು 3306, ಪೋಸ್ಟ್‌ಗ್ರೆಸ್‌ಗೆ 5432. ಸರ್ವರ್ ನಡೆಯುತ್ತಿದ್ದರೂ ಹೀಗಾಗುವುದುಂಟು. ಉಬುಂಟುವಿನಲ್ಲಿ ಹಾಕಿದ ಮೈಎಸ್‌ಕ್ಯೂಎಲ್ ಮೊದಲಿಗೆ 127.0.0.1, ಅಂದರೆ ತನ್ನದೇ ಯಂತ್ರದ ಕರೆಯನ್ನು ಮಾತ್ರ ಕೇಳುತ್ತದೆ. ‘ಬೈಂಡ್ ಅಡ್ರೆಸ್’ ಎಂಬ ಸಾಲು ಅದನ್ನು ನಿರ್ಧರಿಸುತ್ತದೆ.

‘ಆಕ್ಸೆಸ್ ಡಿನೈಡ್’ ಎಂದು ಬಂದರೆ ಎದೆಗುಂದಬೇಡಿರಿ. ದಾರಿಯೆಲ್ಲ ಸರಿಯಾಗಿದೆ, ಗುರುತು ಮಾತ್ರ ಸಿಕ್ಕಿಲ್ಲ. ಮೈಎಸ್‌ಕ್ಯೂಎಲ್ ಹೆಸರು, ಪಾಸ್‌ವರ್ಡುಗಳೊಡನೆ ನಾವು ಎಲ್ಲಿಂದ ಬಂದೆವೆಂಬುದನ್ನೂ ನೋಡುತ್ತದೆ. ಅಹಮದಾಬಾದಿನ ಯಂತ್ರದ ಮುಂದೆ ಕುಳಿತವರಿಗೆ ನಡೆಯುವ ಖಾತೆ ವಡೋದರದಿಂದ ಬಂದವರಿಗೆ ನಡೆಯದಿರಬಹುದು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಬೇಸತ್ತವರು ಫೈರ್‌ವಾಲನ್ನೇ ತೆಗೆದುಹಾಕಿ, ಎಲ್ಲಿಂದ ಬಂದವರಿಗೂ ಪ್ರವೇಶ ಕೊಟ್ಟುಬಿಡುವುದುಂಟು. ಸಂಪರ್ಕವೇನೋ ಆಗುತ್ತದೆ, ಆದರೆ ನಮಗೆ ತೆರೆದ ಬಾಗಿಲು ಲೋಕಕ್ಕೆಲ್ಲ ತೆರೆದಂತಾಯಿತು. 2017ರ ಜನವರಿಯಲ್ಲಿ, ಪಾಸ್‌ವರ್ಡೂ ಇಲ್ಲದೆ ತೆರೆದಿಟ್ಟಿದ್ದ ಸಾವಿರಾರು ಮಾಂಗೋಡಿಬಿ ಡೇಟಾಬೇಸುಗಳನ್ನು ದುಷ್ಕರ್ಮಿಗಳು ಅಳಿಸಿ, ಹಿಂದಿರುಗಿಸಬೇಕಾದರೆ ಹಣ ಕೊಡಿರೆಂದರು.

ಇದಕ್ಕಿಂತ ವಿಪಿಎನ್ ಇಲ್ಲವೆ ಎಸ್‌ಎಸ್‌ಎಚ್ ಸುರಂಗ ಮೇಲು. ಸುರಂಗದಲ್ಲಿ ಸೂರತ್ತಿನ ಕಾರ್ಯಕರ್ತರು ಮೊದಲು ತಮ್ಮ ಕೀಲಿಯಿಂದ ಅಹಮದಾಬಾದಿನ ಯಂತ್ರವನ್ನು ಸೇರಿ, ಅದರೊಳಗಿಂದಲೇ ಡೇಟಾಬೇಸನ್ನು ಮುಟ್ಟುತ್ತಾರೆ. ಆಗ ‘ಬೈಂಡ್ ಅಡ್ರೆಸ್’ ತಿದ್ದುವುದೂ ಬೇಡ, 3306ನ್ನು ಹೊರಗೆ ತೆರೆಯುವುದೂ ಬೇಡ. ಪ್ರತಿಯೊಬ್ಬರಿಗೂ ಬೇರೆ ಖಾತೆಯಿರಲಿ. ನೋಡುವವರಿಗೆ ತಿದ್ದುವ ಅಧಿಕಾರ ಬೇಡ. ಪಟ್ಟಿಯ ಪ್ರತಿಯೊಂದು ಬೇರೆಡೆ ಇರಲಿ.

ಪರವೂರಿನಲ್ಲಿ ನಮ್ಮವರು ತಮ್ಮ ಮನೆಯ ವಿವರಗಳನ್ನು ನಂಬಿಕೆಯಿಂದ ಬರೆದುಕೊಡುತ್ತಾರೆ. ಆ ಪಟ್ಟಿ ಆಪತ್ತಿಗೆ ಒದಗಬೇಕು, ಪರರ ಪಾಲೂ ಆಗಬಾರದು. ಮೂರೂ ಊರಿನವರು ಬಿಡುವಿನ ಒಂದು ಭಾನುವಾರ ಕುಳಿತು ಪರೀಕ್ಷಿಸಿಕೊಂಡರೆ, ಅವಸರದ ರಾತ್ರಿ ಪರದಾಡಬೇಕಾಗಿಲ್ಲ.