ಅಡಗಿಕೊಂಡವರು ಹೇಡಿಗಳಲ್ಲ ಸ್ವಾಮಿ

ಮೊನ್ನೆ ಒಂದು ಸಭೆ. ಹಿರಿಯರೊಬ್ಬರು ಹಿಟ್ಲರನ ಕಾಲದ ಯಹೂದಿಗಳ ಬಗ್ಗೆ ಮಾತಾಡ್ತಾ, 'ಲಕ್ಷಗಟ್ಟಲೆ ಜನ ಕುರಿಗಳ ಹಾಗೆ ಹೋದರು, ಮಿಕ್ಕವರು ಇಲಿಗಳ ಹಾಗೆ ಬಿಲ ಸೇರಿದರು. ಒಬ್ಬನಾದರೂ ಬಂಡೆದ್ದನೆ?' ಅಂದರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಬಂಡಾಯ ಅಂದ ಕೂಡಲೆ ನನ್ನ ಕೈ ತಾನಾಗಿ ಮೇಲೇಳುತ್ತೆ. ರೂಮಿಗೆ ಬಂದ ಮೇಲೆ ಆ ಕೈಯನ್ನೇ ನೋಡ್ತಾ ಕೂತೆ. ನಾಚಿಕೆಯಾಯಿತು. ಅದಕ್ಕೇ ಇದನ್ನು ಬರೀತಿದ್ದೇನೆ.

ವಾರ್ಸಾದಲ್ಲಿ 1943ರ ಏಪ್ರಿಲಿನಲ್ಲಿ ಬಂದೂಕು ಹಿಡಿದ ಯಹೂದಿ ಹುಡುಗರಿದ್ದರು. ಅಷ್ಟು ಹೇಳಿ ಅವರ ಬಾಯಿ ಮುಚ್ಚಿಸಬಹುದಿತ್ತು. ಆದರೆ ನನ್ನ ತಕರಾರಿರೋದು ಬಂದೂಕಿನ ಬಗ್ಗೆ ಅಲ್ಲ, ಆ 'ಬಿಲ'ದ ಬಗ್ಗೆ.

ಬರ್ಲಿನ್ ಊರನ್ನೇ ತಗೊಳ್ಳಿ. 1933ರಲ್ಲಿ ಅಲ್ಲಿ ಸುಮಾರು 1,60,000 ಯಹೂದಿಗಳಿದ್ದರು. 1941ರ ಸೆಪ್ಟೆಂಬರಿನಿಂದ ಆರು ವರ್ಷ ತುಂಬಿದ ಮಗು ಕೂಡ ಎದೆಯ ಮೇಲೆ ಹಳದಿ ನಕ್ಷತ್ರ ಹೊಲಿದುಕೊಂಡೇ ಬೀದಿಗೆ ಬರಬೇಕು. ಅಕ್ಟೋಬರಿನಲ್ಲಿ ಪೂರ್ವದ ಕಡೆಗೆ ರೈಲು ಹೊರಟವು. ದೇಶ ಬಿಟ್ಟು ಹೋಗುವ ದಾರಿಯನ್ನೂ ಅದೇ ತಿಂಗಳು ಮುಚ್ಚಿದರು. 1943ರ ಫೆಬ್ರವರಿ 27ರಂದು, ಕಾರ್ಖಾನೆಗಳಲ್ಲಿ ಬಲವಂತದ ದುಡಿಮೆಗೆ ಹಚ್ಚಿದ್ದ ಯಹೂದಿಗಳನ್ನು ಯಂತ್ರದ ಮುಂದಿನಿಂದಲೇ ಎಳೆದು ಲಾರಿಗೆ ತುಂಬಿದರು. ಅದೇ ವರ್ಷ ಬರ್ಲಿನ್ 'ಯಹೂದಿಮುಕ್ತ'ವಾಯಿತು ಅಂತ ಡಂಗುರ ಹೊಡೆದರು. ಆ ಡಂಗುರವನ್ನು ಸುಳ್ಳು ಮಾಡಿದ್ದು ಯಾರು? ನಕ್ಷತ್ರ ಕಿತ್ತೆಸೆದು ಊರೊಳಗೇ ಮಾಯವಾದ ಸುಮಾರು ಏಳು ಸಾವಿರ ಜನ. ತಮ್ಮನ್ನು ತಾವೇ ಅವರು ಜಲಾಂತರ್ಗಾಮಿಗಳು ಅಂತ ಕರ್ಕೊಂಡರು. ಪ್ರಭುತ್ವ ಇವರ ಉಸಿರನ್ನೇ ಅಪರಾಧ ಮಾಡಿತ್ತು. ಅವರು ಉಸಿರಾಡಿದರು. ಇದು ಬಂಡಾಯ ಅಲ್ಲವಾದರೆ ಆ ಪದಕ್ಕೆ ನಾವು ಕೊಟ್ಟಿರುವ ಅರ್ಥ ತೀರಾ ಸಣ್ಣದು.

ಬಿಲ ಅಂದರೆ ಒಂದೇ ಕಡೆ ಮುದುಡಿ ಕೂರೋದು ಅಂತ ಹಿರಿಯರು ತಿಳಿದಿರಬೇಕು. ಅಂಥ ಭಾಗ್ಯ ಸಿಕ್ಕಿದ್ದು ಕೆಲವರಿಗೆ. ಉಳಿದವರಿಗೆ ಇವತ್ತು ಒಬ್ಬರ ಮನೆ, ನಾಳೆ ಇನ್ನೊಬ್ಬರ ಅಟ್ಟ, ನಾಡಿದ್ದು ರಾತ್ರಿಯೆಲ್ಲ ಟ್ರಾಮಿನಲ್ಲಿ. ಕೂಪನ್ ಇಲ್ಲದೆ ಬ್ರೆಡ್ಡಿಲ್ಲ. ಹೆಸರಿಲ್ಲದವನಿಗೆ ಕೂಪನ್ ಯಾರು ಕೊಡ್ತಾರೆ? ಬಾಂಬು ಬೀಳುವಾಗ ನೆಲಮಾಳಿಗೆಗೆ ಇಳಿಯೋ ಹಾಗಿಲ್ಲ, ಅಕ್ಕಪಕ್ಕದವರು 'ಇವನ್ಯಾರು' ಅಂತಾರೆ. ಹರೆಯದ ಹುಡುಗನಾದರೆ ಇನ್ನೂ ಕಷ್ಟ. ಮಿಲಿಟರಿ ಬಟ್ಟೆ ಇಲ್ಲದ ಇಪ್ಪತ್ತರ ಗಂಡಸು ಬೀದಿಯಲ್ಲಿ ಕಂಡರೆ ಸೈನ್ಯ ಬಿಟ್ಟು ಓಡಿಬಂದವನೇ ಅಂತ ನಿಲ್ಲಿಸಿ ಕಾಗದ ಕೇಳೋರು. ಹುಡುಗಿಯರಿಗೆ ಜಾಗ ಕೊಟ್ಟ ಕೆಲವರು ಬಾಡಿಗೆಯಾಗಿ ಕೇಳಿದ್ದು ದುಡ್ಡನ್ನಲ್ಲ. ಅದನ್ನು ಬಹಳ ವರ್ಷ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಆ ಕಾಗದಗಳನ್ನು ತಯಾರಿಸಿದವರಲ್ಲಿ ಒಬ್ಬ ಸಿಯೋಮಾ ಶ್ಯೋನ್‌ಹೌಸ್. 1922ರಲ್ಲಿ ಹುಟ್ಟಿದವನು, ಚಿತ್ರ ಬರೆಯೋ ಹುಡುಗ. ಅಪ್ಪ ಅಮ್ಮನನ್ನು 1942ರಲ್ಲಿ ಒಯ್ದಿದ್ದರು. ಇವನು ಕುಂಚ ಹಿಡಿದು ಸರ್ಕಾರಿ ಮೊಹರನ್ನು ಕೂದಲೆಳೆ ತಪ್ಪದ ಹಾಗೆ ಬರೆದ. 1943ರಲ್ಲಿ ಪೊಲೀಸರು ಬೆನ್ನು ಹತ್ತಿದಾಗ ಸೈಕಲ್ ತುಳಿದುಕೊಂಡು ಸ್ವಿಟ್ಜರ್ಲೆಂಡ್ ಮುಟ್ಟಿದ. ಕವಿತೆ ಬರೆದು ಕ್ರಾಂತಿ ಮಾಡ್ತೀನಿ ಅನ್ನೋ ನನ್ನಂಥವನು ಅವನ ಕುಂಚದ ಮುಂದೆ ಸ್ವಲ್ಪ ಹೊತ್ತು ಸುಮ್ಮನಿರೋದು ಒಳ್ಳೇದು.

ಕಾರ್ಖಾನೆಗಳಿಂದ ಜನರನ್ನು ಎಳೆದೊಯ್ದ ಆ ಫೆಬ್ರವರಿ 27ರಂದೇ ಯಿಟ್ಸಾಕ್ ಶ್ವೆರ್ಸೆನ್ಸ್ ಎಂಬ ಮೇಷ್ಟ್ರು ಮತ್ತು ಎಡಿತ್ ವೋಲ್ಫ್ ಎಂಬಾಕೆ ತಲೆಮರೆಸಿಕೊಂಡ ಹುಡುಗ ಹುಡುಗಿಯರ ಒಂದು ಗುಂಪು ಕಟ್ಟಿದರು. ಬರುಬರುತ್ತಾ ಅದು ನಲವತ್ತು ಜನರಷ್ಟಾಯಿತು. ಊಟ, ಹಾಸಿಗೆ ಹೊಂದಿಸೋದು ಸರಿ. ಜೊತೆಗೆ ಹೀಬ್ರೂ ಓದಿದರು, ಹಬ್ಬ ಮಾಡಿದರು, ಶತ್ರುವಿನ ಊರಿನಲ್ಲಿ ನಾಟಕ ನೋಡೋಕೂ ಹೋದರು. ಹೊಟ್ಟೆಗಿಲ್ಲದವರಿಗೆ ನಾಟಕ ಯಾಕೆ ಅಂತ ಕೇಳ್ತೀರಾ? ಕೇಳಿ. ಓದು ಅನ್ನೋದು ಎಂಥ ಹಸಿವು ಅಂತ ಮನೆಯಲ್ಲಿ ಮೊದಲು ಅಕ್ಷರ ಕಂಡವನನ್ನು ಕೇಳಿ.

ಎಲ್ಲರೂ ಉತ್ತಮರಾಗಿರಲಿಲ್ಲ. ಸ್ಟೆಲ್ಲಾ ಗೋಲ್ಡ್‌ಶ್ಲಾಗ್ ಎಂಬ ಯಹೂದಿ ಹುಡುಗಿ ಸಿಕ್ಕಿಬಿದ್ದು, ಏಟು ತಿಂದು, ಅಪ್ಪ ಅಮ್ಮನನ್ನು ಉಳಿಸಿಕೊಳ್ಳೋಕೆ ತನ್ನವರನ್ನೇ ಹಿಡಿದುಕೊಟ್ಟಳು. ಅಪ್ಪ ಅಮ್ಮ ಉಳಿಯಲಿಲ್ಲ. ಅವಳು ಹಿಡಿಯೋದು ನಿಲ್ಲಲಿಲ್ಲ. ಅವಳನ್ನು ನಾನು ಕ್ಷಮಿಸೋದಿಲ್ಲ. ಆದರೆ ಬೇಟೆಯ ಕೈಗೇ ಬಲೆ ಕೊಟ್ಟವರ ಹೆಸರು ಬಿಟ್ಟು ಅವಳ ಹೆಸರೊಂದನ್ನೇ ಉಗಿಯುವವರ ಸಾಲಲ್ಲೂ ನಾನು ನಿಲ್ಲೋದಿಲ್ಲ.

ಇನ್ನೊಂದು ಪಂಗಡವಿದೆ. ಅವರು 'ನೋಡಿ, ಆಶ್ರಯ ಕೊಟ್ಟ ಒಳ್ಳೆಯ ಜರ್ಮನರೂ ಇದ್ದರಲ್ಲ' ಅಂತ ಕಣ್ಣೊರೆಸಿಕೊಳ್ತಾರೆ. ಇದ್ದರು. ಅವರ ಕಾಲಿಗೆ ಬೀಳೋಣ. ಆಮೇಲೆ ಲೆಕ್ಕ ಹಾಕೋಣ. ನಲವತ್ತು ಲಕ್ಷ ದಾಟಿದ ಊರು. ಮುಳುಗಿದವರು ಏಳು ಸಾವಿರ, ಬದುಕಿ ಮೇಲೆ ಬಂದವರು ಸುಮಾರು 1,700. ಮಿಕ್ಕವರ ಬಾಗಿಲು ತಟ್ಟಿದವರು ಯಾರು, ತಟ್ಟುವಂತೆ ಚಾಡಿ ಹೇಳಿದವರು ಯಾರು?

ಆ 1,700ರಲ್ಲಿ ಒಬ್ಬ ಹಾನ್ಸ್ ರೋಸೆಂಟಾಲ್. ತಂದೆ ತಾಯಿ ಸತ್ತಿದ್ದರು. ಹತ್ತು ವರ್ಷದ ತಮ್ಮನನ್ನು 1942ರಲ್ಲಿ ಒಯ್ದು ಕೊಂದರು. ಹದಿನೇಳರ ಹಾನ್ಸ್ ಊರಂಚಿನ ತೋಟದ ಗುಡಿಸಲಲ್ಲಿ ಯುದ್ಧ ಮುಗಿಯುವವರೆಗೆ ಅಡಗಿದ್ದ. ಉಳಿಸಿದವರು ಬಡ ಹೆಂಗಸರು; ಒಬ್ಬಾಕೆ ಸತ್ತ ಮೇಲೆ ಪಕ್ಕದ ತೋಟದಾಕೆ ಕರೆದುಕೊಂಡಳು. ಮುಂದೆ ಅವನು ಪಶ್ಚಿಮ ಜರ್ಮನಿಯ ಟೆಲಿವಿಷನ್ನಿನಲ್ಲಿ ಇಡೀ ದೇಶವನ್ನು ನಗಿಸುವ ಮನುಷ್ಯನಾದ. 1978ರ ನವೆಂಬರ್ 9, ಯಹೂದಿಗಳ ಪ್ರಾರ್ಥನಾ ಮಂದಿರಗಳಿಗೆ ಬೆಂಕಿಯಿಟ್ಟ ರಾತ್ರಿಗೆ ಸರಿಯಾಗಿ ನಲವತ್ತು ವರ್ಷ. ಅಂದೇ ಅವನ ವಿನೋದ ಕಾರ್ಯಕ್ರಮ ಇಟ್ಟಿದ್ದರು. ದಿನ ಬದಲಿಸಿ ಅಂತ ಕೇಳಿಕೊಂಡ. ಬದಲಿಸಲಿಲ್ಲ. ಕಪ್ಪು ಸೂಟು ತೊಟ್ಟು ಬಂದು ಕ್ಯಾಮರಾದ ಮುಂದೆ ನಿಂತ.